ಫ್ಯಾನು ಬಂದ್ ಮಾಡಿದ ಕೋಣೆಯಿಂದ

ರಾಯಚೂರು
ಹುಣ್ಣಿಮೆ, ಮಧ್ಯಾಹ್ನ

ಮಸರಕಲ್ ಸಾಲಿಯಲ್ಲಿ ಏಳನೆಯ ಇಯತ್ತೆವರೆಗೂ ನನ್ನ ಮಗ್ಗುಲಲ್ಲಿ ಕೂತ ಗುಲ್ಶನ್‌ಗೆ ಕಲ್ಯಾಣಿಯ ಪ್ರೀತಿ ತಲುಪಲಿ.

ಪ್ರತಿ ಹುಣ್ಣಿಮೆಯ ಹಾಗೆ ಇವತ್ತೂ ನನ್ನ ಉಪೋಸಥ, ಉಪವಾಸದ ದಿನ. ಬೆಳಿಗ್ಗೆ ಎದ್ದು, ಸುಳ್ಳಾಡೆ, ಹೊತ್ತು ಮೀರಿ ಉಣ್ಣೆ ಎಂಬಂಥ ಎಂಟು ಶೀಲ ತೆಗೆದುಕೊಂಡೆ. ಹೊತ್ತು ನೆತ್ತಿಗೇರುವ ಮೊದಲು ಒಂದು ಸಲ ಉಂಡೆ, ಇನ್ನು ನಾಳೆ ಬೆಳಕು ಹರಿಯುವ ತನಕ ಬರೀ ನೀರು. 'ಇದೇನ್ ಉಪಾಸ ಬೇ, ಬಿಸ್ಲಾಗ ತಣ್ಣೀರು ಕುಡ್ಕೋತ! ಒಂದ್ಸಲ ನಮ್ಮ ರೋಜಾ ಹಿಡದು ನೋಡು' ಎಂದು ನೀನು ಹಂಗಿಸುತ್ತಿದ್ದೆ, ನೆನಪಿದೆಯೇ? ನಳ ಬಂದಿತ್ತು, ನೀರು ತುಂಬಿಟ್ಟೆ. ಅಂಗಳ ತೊಳೆದೆ. ಬಿಳಿ ಸೀರೆ ಉಟ್ಟು ಬುದ್ಧನ ಕೋಣೆಯ ಕಟ್ಟಿಗೆಯ ಮರಿಗೆಗಳನ್ನೆಲ್ಲ ಕೆಳಗಿಳಿಸಿ ಒರೆಸಿದೆ. ಈಗ ಮನೆಯವರು ಉಂಡು ಮಲಗಿದ್ದಾರೆ. ಸಂಜೆಯ ಮೇಣದಬತ್ತಿ ಹಚ್ಚುವವರೆಗೆ ನನ್ನ ಕೈಗಳು ನನ್ನವು.

ಫೋನು ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ನನಗೆ ಫೋನು ಬಂದರೆ ಎಲ್ಲರೂ ಪ್ರೀತಿಯಿಂದ ಬಂದು ಸುತ್ತ ಕೂಡುತ್ತಾರೆ. 'ಯಾರಕ್ಕಾ, ಗುಲ್ಶನಕ್ಕನಾ? ಸ್ಪೀಕರ್ ಹಾಕು, ನಾವೂ ಮಾತಾಡ್ತೀವಿ' ಎಂದು ನನ್ನ ತಮ್ಮ ಕಿರಣಕುಮಾರನೇ ಗುಂಡಿ ಒತ್ತುತ್ತಾನೆ. ಆಮೇಲೆ ಮಳೆ, ಬೆಳೆ, ಮಕ್ಕಳ ಸುದ್ದಿ. ನನ್ನ ಮಾತಿಗೆ ಸರದಿಯೇ ಬರುವುದಿಲ್ಲ.

ನೀನು ಹೇಳಿಕಳಿಸಿದ್ದು ಮುಟ್ಟಿತು. ಇಲ್ಲಿನ ಗಂಜ್ ಮಾರುಕಟ್ಟೆಯಿಂದ ಜೋಳ ಒಯ್ಯಲು ಬಂದಿದ್ದ ನಿನ್ನ ಮಗ ವಲಿ ಪಾಷಾ ಹಿತ್ತಲ ಬಾಗಿಲಲ್ಲಿ ನಿಂತು, ನೆಲ ನೋಡುತ್ತ, ಪಾಠ ಒಪ್ಪಿಸಿದಂತೆ ಒಪ್ಪಿಸಿದ. 'ಖಾಲಾ, ಅಮ್ಮಿ ಕೇಳ್ಯಾಳ್ರಿ. ನಮ್ಮ ಖಾನಾವಳಿ ಮ್ಯಾಲಿನ ಖೋಲಿ ಖಾಲಿ ಆಗ್ಯದ. ರೊಟ್ಟಿ ಬಡಿಯಾಕ ಕೈ ಸಾಲವಲ್ದು. ಮಾನ್ವಿಗಿ ಬಂದು ಇದ್ದುಬಿಡ್ತೀರೇನ್ರಿ?' ನನ್ನ ಕೈಯ ರೊಟ್ಟಿಯನ್ನು ಎಲ್ಲರೂ ಉಂಡಾರೇನಪ್ಪಾ ಎಂದು ಕೇಳಿದೆ. ಅದಕ್ಕೂ ನಿನ್ನ ಉತ್ತರವನ್ನು ಕಟ್ಟಿಕೊಂಡೇ ಬಂದಿದ್ದ. 'ಉಣ್ಣೋರು ಉಣ್ಣಲಿ, ಒಲ್ಲದೋರು ಹಸಗೊಂಡು ಬಸ್ ಹತ್ಲಿ ಅಂತ ಹೇಳು ಅಂದಾಳ್ರಿ.' ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ ಗುಲ್ಶನ್. ಬಹಳ ದಿನಕ್ಕೆ ನಕ್ಕೆ.

ನಾನು ಇಲ್ಲಿಂದ ಏಕೆ ಏಳಲಾರೆ ಎಂಬುದನ್ನು ನಿನಗೆ ಒಮ್ಮೆ ಬಿಡಿಸಿ ಹೇಳಬೇಕು. ನಮ್ಮವ್ವ ಜೋಳದ ಹಿಟ್ಟು ನಾದುತ್ತಿದ್ದ ಕಟ್ಟಿಗೆಯ ಮರಿಗೆ ನಿನಗೆ ಗೊತ್ತು. ಕಿರಣ ಕಾಲೇಜು ಓದುವಾಗ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ ತಂದು ಗೋಡೆಗೆ ಹಾಕಿದ ಸಂಜೆ ನೀನೂ ತವರಿಗೆ ಬಂದಿದ್ದೆ. ಬಾಗಿಲ ಗಾಳಿಗೆ ಮೇಣದಬತ್ತಿ ಹಚ್ಚಿದಂತೆಲ್ಲ ಆರುತ್ತಿತ್ತು. ಅವ್ವ ಮರಿಗೆಯನ್ನು ಜಾಡಿಸಿ ತಂದು, ತಳಕ್ಕೆ ಹಳ್ಳದ ಮರಳು ಹಾಕಿ, 'ಇದರೊಳಗ ನಿಂದ್ರಸ್ರಲೇ, ಇದಕ್ಕ ಸುತ್ತ ಗ್ವಾಡಿ ಅದಾವು' ಎಂದಳು. ಬತ್ತಿ ಅಲುಗದೆ ಉರಿಯಿತು. ಮರುದಿನ ಅದೇ ಮರಿಗೆಯಲ್ಲಿ ಹಿಟ್ಟು ನಾದಿದ್ದಕ್ಕೆ ರೊಟ್ಟಿಯೆಲ್ಲ ಕರಕರ. 'ಯವ್ವಾ, ರೊಟ್ಟಿಯಾಗ ಹಳ್ಳ ಹರಿಯಾಕತ್ತದ' ಎಂದು ನೀನು ಉಗುಳಿದ್ದೆ.

ಅವ್ವ ಹೋದಳು, ನನ್ನ ಯಜಮಾನರೂ ಹೋದರು. ಕಿರಣ ನನ್ನನ್ನೂ ಆ ಮರಿಗೆಯನ್ನೂ ಒಂದೇ ಜೀಪಿನಲ್ಲಿ ರಾಯಚೂರಿಗೆ ಕರೆತಂದ. ಒಳ್ಳೆಯ ಮನಸ್ಸಿನಿಂದಲೇ ತಂದ. ವಂದನೆಗೆಂದು ಒಂದು ಕೋಣೆ ಬಿಟ್ಟುಕೊಟ್ಟು ಮರಿಗೆಯನ್ನು ಬುದ್ಧನ ಮುಂದೆ ಇಟ್ಟ. ಅಂದಿನಿಂದ ಅದು ಹಿಟ್ಟು ಕಂಡಿಲ್ಲ. ಬಂದವರು ನೋಡಿ ಮೆಚ್ಚಿದರು. ಎಲ್ಲರ ಮನೆಯಲ್ಲೂ ಈಗ ಸ್ಟೀಲಿನ ಪರಾತ ಬಂದಿದೆ. ಮೂಲೆಗೆ ಬಿದ್ದ ಕಟ್ಟಿಗೆಯ ಮರಿಗೆ, ಬಟ್ಟಲುಗಳನ್ನು ಒಬ್ಬೊಬ್ಬರೇ ತಂದುಕೊಟ್ಟರು. ಗೋಡೆಯುದ್ದಕ್ಕೂ ಸಾಲು ಬೆಳೆಯಿತು.

ಅವುಗಳ ಚಾಕರಿ ಕೂಸಿನ ಚಾಕರಿ. ನೀರಲ್ಲಿ ನೆನೆಸಿದರೆ ಉಬ್ಬುತ್ತವೆ, ಬಿಸಿಲಿಗಿಟ್ಟರೆ ಸೀಳುತ್ತವೆ. ಹತ್ತಿದ ಮೇಣವನ್ನು ಚಾಕುವಿನಿಂದ ಕೆರೆಯುವಂತಿಲ್ಲ, ಬಿಸಿ ಬಟ್ಟೆ ಒತ್ತಿ ಹಿಡಿದು ಮೆತ್ತಗಾದ ಮೇಲೆ ಬಿದಿರಿನ ಸೀಳಿನಿಂದ ಎಬ್ಬಿಸಬೇಕು. ಒಣಗದಂತೆ ಕುಸುಬಿ ಎಣ್ಣೆ ತಿಕ್ಕಬೇಕು. ತಳಕ್ಕೆ ಮರಳು, ಮರಳಿನ ಮೇಲೆ ಹಿತ್ತಾಳೆಯ ಬಟ್ಟಲು, ಅದರಲ್ಲಿ ಬತ್ತಿ. ಎರಡು ಬೆರಳಷ್ಟು ಉಳಿದಾಗ ಆರಿಸಲೇಬೇಕು.

ಒಂದು ದಿನ ನಾನು ಸ್ನಾನಕ್ಕೆ ಹೋದಾಗ ಯಾರೋ ದೊಡ್ಡವರು ಬಂದರು. ಕಿರಣ ಅವಸರದಲ್ಲಿ ಮರಳಿಲ್ಲದೆ, ಬಟ್ಟಲಿಲ್ಲದೆ, ಅವ್ವನ ಮರಿಗೆಯ ತಳಕ್ಕೇ ಬತ್ತಿ ಅಂಟಿಸಿ ಹಚ್ಚಿದ, ಅವರನ್ನು ಹಾಲಿನಲ್ಲಿ ಕೂಡಿಸಿ ಮಾತಿಗೆ ಕೂತ. ವರ್ಷಗಟ್ಟಲೆ ಎಣ್ಣೆ ಕುಡಿದ ಕಟ್ಟಿಗೆ. ಉರಿ ತಳ ಮುಟ್ಟಿದ್ದೇ ತಡ, ಮರಿಗೆಯೇ ಹೊತ್ತಿಕೊಂಡಿತು. ಅವನ ಹೆಂಡತಿ ವಿಶಾಖಾ ಒದ್ದೆ ಟವೆಲ್ಲು ಒಗೆದು ಆರಿಸಿದಳು. ತಳ ಸುಟ್ಟು ಕರಿದಾಯಿತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕಿರಣ ಅತ್ತ. ಅಳುತ್ತಲೇ ಒಂದು ಕಟ್ಟಳೆ ಮಾಡಿದ. 'ಇನ್ಮ್ಯಾಲೆ ಅಕ್ಕನ್ನ ಬಿಟ್ಟು ಬ್ಯಾರೆ ಯಾರೂ ಕೈ ಹಚ್ಚಬಾರ್ದು. ಹಚ್ಚಿದ ಮ್ಯಾಲೆ ಆರೋತನಕ ಅಕ್ಕ ಅಲ್ಲೇ ಕೂಡ್ಬೇಕು.'

ಅಂದಿನಿಂದ ಕೂತಿದ್ದೇನೆ ಗುಲ್ಶನ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಗಾಳಿ ತಾಗಬಾರದೆಂದು ಫ್ಯಾನು ಬಂದ್, ಕಿಟಕಿ ಬಂದ್. ರಾಯಚೂರಿನ ಬಿಸಿಲು ನಿನಗೆ ಹೇಳಬೇಕೇ? ಹಚ್ಚದ ಬತ್ತಿಗಳೇ ಕಪಾಟಿನಲ್ಲಿ ಸೊಂಟ ಬಾಗಿ ಮಲಗುತ್ತವೆ. ಬೆವರು ಕಣ್ಣಿಗಿಳಿದರೂ ಸೆರಗು ಬೀಸುವಂತಿಲ್ಲ, ಉರಿ ವಾಲಿ ಕಟ್ಟಿಗೆಯನ್ನು ಮುಟ್ಟೀತು ಎಂಬ ಭಯ. ಕಣ್ಣು ಮುಚ್ಚಿ ಬುದ್ಧನನ್ನು ನೆನೆಯಬೇಕಾದ ಹೊತ್ತಿನಲ್ಲಿ ಕಣ್ಣು ತೆರೆದು ಬತ್ತಿ ಕಾಯುತ್ತೇನೆ. ಕಲ್ಲೂರಿನ ನೆಂಟರ ಮದುವೆಗೆ ಹೋಗಲಿಲ್ಲ. ಮಸರಕಲ್ಲಿನಲ್ಲಿ ಚಿಕ್ಕಪ್ಪ ತೀರಿದಾಗ ಮಣ್ಣು ಮಾಡಿ, ಕೈಕಾಲು ತೊಳೆದು, ಸಂಜೆಯ ಬತ್ತಿಗೆಂದು ಬಸ್ಸಿಗೆ ಓಡಿದೆ. ಎದುರಿಗೆ ಕೂತವನು ಅರಮನೆಯನ್ನೇ ಬಿಟ್ಟು ನಡೆದವನು. ನಾನು ಅವನ ಮುಂದೆ ಈ ಕೋಣೆಯ ಹೊಸಿಲು ದಾಟಲಾರದೆ ಕೂತಿದ್ದೇನೆ. ಹೀಗೆ ಯೋಚಿಸುವುದು ತಪ್ಪೋ ಏನೋ, ಆದರೆ ಬರುತ್ತದೆ.

ಯಾರೂ ನನ್ನನ್ನು ನೋಯಿಸಿಲ್ಲ. ಅದೇ ಕಷ್ಟ. ಬೈದಿದ್ದರೆ ಗಂಟು ಕಟ್ಟಿಕೊಂಡು ಹೊರಡುತ್ತಿದ್ದೆ. 'ನಮ್ಮಕ್ಕ ಇದನ್ನ ಮನಿ ಅಲ್ಲ, ವಿಹಾರ ಮಾಡ್ಯಾಳ' ಎಂದು ಕಿರಣ ಬಂದವರ ಮುಂದೆಲ್ಲ ಹೇಳುವಾಗ ಅವನ ಮುಖ ನೋಡಬೇಕು ನೀನು.

ನಿನ್ನ ಮಾತನ್ನು ಅವನ ಕಿವಿಗೆ ಹಾಕಿದೆ. ಉಣ್ಣುತ್ತಿದ್ದವನು ತುತ್ತು ಕೆಳಗಿಟ್ಟ. 'ಅವ್ವ ಮಂದಿ ಹೊಲದಾಗ ಬಗ್ಗಿ ಬಗ್ಗಿ ನಮ್ಮನ್ನ ಎದ್ದು ನಿಂದ್ರಿಸ್ಯಾಳ. ನಾ ಇವತ್ತು ಕಾಲೇಜಿನಾಗ ಪಾಠ ಹೇಳಾಕತ್ತೀನಿ. ನಮ್ಮಕ್ಕ ಬಸ್‌ಸ್ಟ್ಯಾಂಡಿನ ಮುಂದ ಮಂದಿಗೆ ರೊಟ್ಟಿ ಬಡೀತಾಳ ಅಂದ್ರ ನಾ ಯಾರಿಗಿ ಮಾರಿ ತೋರಿಸ್ಲಿ? ನಿನಗ ಇಲ್ಲೇನು ಕಮ್ಮಿ ಆಗ್ಯದ ಹೇಳು?' ಏನು ಕಮ್ಮಿ ಎಂದು ಹೇಳಲಿ? ಅವನ ಮಾತಿನಲ್ಲಿ ಸುಳ್ಳಿಲ್ಲ. ಅವ್ವ ಬಗ್ಗಿದ್ದು ನಾನೂ ಕಂಡವಳೇ, ಅವಳ ಪಕ್ಕದ ಸಾಲಿನಲ್ಲಿ ಬಗ್ಗಿದವಳೇ. ಆದರೆ ನನಗೆ ಹಿಟ್ಟು ಬೇಕು ಗುಲ್ಶನ್. ಒಲೆಯ ಮುಂದೆ ನಿನ್ನ ಬೈಗುಳ ಬೇಕು. ದುಡಿದು ದಣಿದು, ಸಂಜೆ ಯಾರನ್ನೂ ಕೇಳದೆ ಬಾಗಿಲು ತೆಗೆದಿಟ್ಟು ಗಾಳಿಗೆ ಮಲಗಬೇಕು. ಅವನಿಗೆ ಮಾತ್ರ 'ಏನೂ ಕಮ್ಮಿ ಇಲ್ಲಪ್ಪಾ, ಉಣ್ಣು' ಎಂದುಬಿಟ್ಟೆ.

ಇನ್ನೊಂದು ದಿನ ಧೈರ್ಯ ಮಾಡಿ 'ಕಿರಣಾ' ಎಂದು ಬಾಯಿ ತೆರೆದೆ. ಅವನು ನನಗಿಂತ ಮೊದಲು ಖುಷಿಯಿಂದ ಸುದ್ದಿ ಹೇಳಿದ. ಮುಂದಿನ ತಿಂಗಳ ಹುಣ್ಣಿಮೆಯ ಸಂಜೆ ಓಣಿಯವರನ್ನು, ನೆಂಟರನ್ನು ಕರೆದು ಈ ಕೋಣೆಯನ್ನು ಎಲ್ಲರ ವಂದನೆಗೆ ತೆರೆಯುತ್ತಾನಂತೆ. ಬಾಗಿಲಿಗೆ ನನ್ನ ಹೆಸರಿನ ಬೋರ್ಡು. ನಾನು ಎಲ್ಲರ ಮುಂದೆ, ಕೊನೆಯವರೆಗೂ ಈ ಬೆಳಕು ಕಾಯುತ್ತೇನೆ ಎಂದು ಹೇಳಬೇಕಂತೆ. ಹೇಳಿದರೆ ಮುಗಿಯಿತು. ಬುದ್ಧನ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ ನಾನು. ಅದು ನಿನಗೆ ಗೊತ್ತು, ಅವನಿಗೂ ಗೊತ್ತು.

ಇವತ್ತು ಬೆಳಿಗ್ಗೆ ಮರಿಗೆ ಒರೆಸುವಾಗ ವಿಶಾಖಾ ಬಂದು ಮಗ್ಗುಲಲ್ಲಿ ಕೂತಳು. ಮೆಲ್ಲಗೆ ಕೇಳಿದಳು, 'ಅಕ್ಕಾ, ನಿಮಗ ಮಾನ್ವಿಗಿ ಹೋಗ್ಬೇಕನಸ್ತದೇನ್ರಿ?' ಬೇರೆ ದಿನವಾಗಿದ್ದರೆ 'ಏ ಇಲ್ಲವಾ, ಇಲ್ಲೇ ಆರಾಮ ಅದೀನಿ' ಎಂದು ಬಾಯಿ ತಾನಾಗಿ ಹೇಳಿಬಿಡುತ್ತಿತ್ತು. ಓಣಿಯವರಿಗೆಲ್ಲ ಹಾಗೆಯೇ ಹೇಳುತ್ತ ಬಂದಿದ್ದೇನೆ. ಇವತ್ತು ಬರಲಿಲ್ಲ. ಸುಳ್ಳಾಡೆನೆಂದು ಶೀಲ ತೆಗೆದುಕೊಂಡ ಬಾಯಿ, ಆಗಷ್ಟೇ ತೊಳೆದ ಪಾತ್ರೆಯ ಹಾಗೆ. ಅದರಲ್ಲಿ ಹೇಗೆ ಹೊಲಸು ಹಾಕಲಿ? ಮರಿಗೆ ಒರೆಸುತ್ತಲೇ ಇದ್ದೆ. 'ಹಂಗಾದ್ರ ಹೌದಂತ ಆತು' ಎಂದು ನಕ್ಕಳು. ಒರೆಸುವ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು, 'ನನಗ ಕಲಸ್ರಿ ಮತ್ತ' ಎಂದಳು. ಮರಳು ಎಷ್ಟು, ಬತ್ತಿ ಎಲ್ಲಿಗೆ ಬಂದಾಗ ಆರಿಸಬೇಕು, ಬಟ್ಟೆ ಎಷ್ಟು ಬಿಸಿ, ಎಲ್ಲ ತೋರಿಸಿದೆ. ಬಾಗಿಲಲ್ಲಿ ಕಿರಣನ ದನಿ ಕೇಳಿತು. 'ಏಯ್, ನೀ ಕೈ ಹಚ್ಚಬ್ಯಾಡ ಅಂದಿಲ್ಲೇನು!' ಅವಳು ಕೈ ತೆಗೆದಳು. ಆದರೆ ಅಷ್ಟರಲ್ಲಿ ಕಲಿತಾಗಿತ್ತು.

ನಿನ್ನ ಪ್ರಶ್ನೆಗೆ ಈ ಪತ್ರದಲ್ಲಿ ಉತ್ತರ ಬರೆಯುವುದಿಲ್ಲ, ಸಿಟ್ಟಾಗಬೇಡ. ಬರೆದರೆ ನೀನು ಖೋಲಿಗೆ ಸುಣ್ಣ ಹೊಡೆಸಿ ದಾರಿ ನೋಡುತ್ತೀ, ನಾನು ಇಲ್ಲಿಯೇ ಕೂತಿರುತ್ತೇನೆ. ಹಾಳೆಯ ಮುಂದೆ ನನಗೆ ಬಹಳ ಧೈರ್ಯ. ಕಂಕುಳಲ್ಲಿ ಎತ್ತಿ ಬೆಳೆಸಿದ ತಮ್ಮನ ಮುಖ ಕಂಡರೆ ಕರಗಿಹೋಗುತ್ತದೆ. ನಾನಾಗಿ ಹೇಳಲಾರೆ. ಅವನ ಎದುರಿಗೆ ಯಾರಾದರೂ ಕೇಳಿದರೆ, ಶೀಲ ಹಿಡಿದ ದಿನ ಕೇಳಿದರೆ, ಹೇಳದೆ ಇರಲಾರೆ.

ವಿಶಾಖಾ ನಾಳೆ ತಾನು ಕಲಿಸುವ ಸಾಲಿಗೆ ಹೋಗುವಾಗ ಇದನ್ನು ಅಂಚೆಗೆ ಹಾಕುತ್ತಾಳೆ. ಓದಿದರೂ ಓದಲಿ.

ನಿನ್ನ ಒಲೆ ಎಂದೂ ತಣ್ಣಗಾಗದಿರಲಿ, ನಿನ್ನ ಮಂಡಿನೋವು ಇಳಿಯಲಿ. ನಿನ್ನ ಅಲ್ಲಾಹ ನಿನ್ನನ್ನು ಕಾಯಲಿ, ನನ್ನ ಬುದ್ಧನ ಕರುಣೆಯೂ ನಿನ್ನ ಮನೆಯ ಮೇಲಿರಲಿ.

ಬರುವ ಹುಣ್ಣಿಮೆಯ ಬೆಳಿಗ್ಗೆ, ಜನ ಸೇರುವ ಮೊದಲು, ನನ್ನ ಉತ್ತರ ಒಯ್ಯಲು ವಲಿ ಪಾಷಾನನ್ನು ಕಳಿಸು. ಹಿತ್ತಲಿಗೆ ಬೇಡ, ಮುಂಬಾಗಿಲಿಗೆ ಬರಲಿ. ಕಿರಣನ ಎದುರಿಗೆ ಕುರ್ಚಿಯಲ್ಲಿ ಕೂತು, ಕೊಟ್ಟ ಚಹಾ ಕುಡಿದು, ಬರ್ತೀರೋ ಇಲ್ಲೋ ಎಂದು ಎಲ್ಲರಿಗೂ ಕೇಳುವಂತೆ ನನ್ನನ್ನು ಕೇಳಲಿ. ಎರಡು ಮಕ್ಕಳ ತಂದೆಯಾದರೂ ಅವನಿಗೆ ನಾಚಿಕೆ ಜಾಸ್ತಿ. ನಾನು ಬಾಯಿ ತೆರೆಯುವ ತನಕ ಏಳಬೇಡ ಎಂದು ಹೇಳಿ ಕಳಿಸು.

ನಿನ್ನ
ಕಲ್ಯಾಣಿ