ಫಕೀರವ್ವನ ಖಾನಾವಳಿಯ ಬಿಚ್ಚೂಟ

ಕಪ್ಪತಗುಡ್ಡದ ಮೇಲಿನ ಗಾಳಿಕಟ್ಟೆ
ಕ್ರಿ.ಶ. ೨೨೯೧, ಶ್ರಾವಣದ ಮೂವತ್ನಾಲ್ಕನೇ ದಿನ

ವಿಮಾ ಏಜೆಂಟರ ಪರೀಕ್ಷೆಗೆ ಓದುತ್ತಿರುವ ಹಿಂದಿನ ಕಾಲದ ಮಕ್ಕಳಿಗೆ ಏಜೆಂಟ್ ಪಾರವ್ವ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಶ್ರಾವಣ ಅಂದರೆ ನಮಗೆ ಬಲು ಇಷ್ಟ, ಅದಕ್ಕೇ ನಾಲ್ಕು ದಿನ ಎಳೆದುಕೊಂಡಿದ್ದೇವೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಜನ್ಮಕ್ಕೆ ಒಂದೇ ಸಲ ಬರೆಯಲು ಬಿಡುತ್ತಾರೆ. ನೆರೆಯವರೆಲ್ಲ ತಮ್ಮ ತಮ್ಮ ಮುತ್ತಜ್ಜಂದಿರಿಗೆ ಬರೆದರು. ನಾನು ನಿಮಗೆ ಬರೆಯುತ್ತಿದ್ದೇನೆ. ನನ್ನ ಕಸುಬಿನ ಹುಚ್ಚು ಅಂಥದ್ದು.

ಗಾಳಿಕಟ್ಟೆ ಅಂದರೆ ಗುಡ್ಡದ ನೆತ್ತಿಯಲ್ಲಿ ಕಂಬ ನಿಲ್ಲಿಸಿ, ಮೇಲೆ ಹಲಗೆ ಹಾಸಿದ ಓಣಿ. ಕೆಳಗೆ ಗಾಳಿಯ ರಾಟೆ ತಿರುಗುತ್ತದೆ. ದೀಪ, ಒಲೆ, ಗಿರಣಿ ಎಲ್ಲ ಅದರಿಂದಲೇ ನಡೆಯುತ್ತವೆ. ಹಾಲು ಹಗ್ಗದ ಬುಟ್ಟಿಯಲ್ಲಿ ಬರುತ್ತದೆ. ಒಗೆದ ಸೀರೆಗೆ ಕ್ಲಿಪ್ಪು ಹಾಕದಿದ್ದರೆ ಪಕ್ಕದ ಓಣಿಗೆ ಹಾರಿಹೋಗುತ್ತದೆ, ಆಮೇಲೆ ಅದು ನಮ್ಮದೆಂದು ಒಪ್ಪಿಸುವುದು ದೊಡ್ಡ ಜಗಳ. ಕಂಬ ಮುರಿಯುವುದೂ ಉಂಟು. ಅದಕ್ಕೇ ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕುತ್ತಾರೆ, ಯಾರ ಕಂಬ ಮುರಿಯಿತೋ ಅವರನ್ನು ಎತ್ತಿ ನಿಲ್ಲಿಸುತ್ತೇವೆ. ಆ ಸ್ವಲ್ಪಕ್ಕೆ ಪ್ರೀಮಿಯಂ ಎಂಬ ನಿಮ್ಮ ಹೆಸರೇ ಉಳಿದಿದೆ. ಎತ್ತಿ ನಿಲ್ಲಿಸುತ್ತೇವೆಂದು ಬರೆದುಕೊಟ್ಟ ಮಾತೇ ಪಾಲಿಸಿ.

ಪಾಲಿಸಿ ಬರೆಯುವ ಮೊದಲು ಏಜೆಂಟು ಆ ಮನೆಯಲ್ಲಿ ಉಣ್ಣಬೇಕು. ಇದಕ್ಕೆ ಬಿಚ್ಚೂಟ ಅನ್ನುತ್ತೇವೆ. ಇದ್ದ ಊನವನ್ನೆಲ್ಲ ಮನೆಯವರು ಬಿಚ್ಚಿ ಹೇಳುವ ತನಕ ಎರಡನೇ ಸಲ ಬಡಿಸುವಂತಿಲ್ಲ. ನಿಮ್ಮ ಪುಸ್ತಕದಲ್ಲಿ ಇದು ಪರಮ ವಿಶ್ವಾಸದ ತತ್ವ ಅಂತ ಇರಬೇಕು: ಗೊತ್ತಿದ್ದದ್ದನ್ನು ಎರಡೂ ಕಡೆಯವರು ಮುಚ್ಚಬಾರದು, ಅಷ್ಟೇ. ಹಸಿದ ಏಜೆಂಟನ್ನು ಎದುರಿಗೆ ಕೂರಿಸಿಕೊಂಡು ನಮ್ಮ ಕಡೆಯ ಹೆಂಗಸರು ಹೆಚ್ಚು ಹೊತ್ತು ಸುಳ್ಳು ಹೇಳಲಾರರು.

ನಮ್ಮ ಓಣಿಯ ಫಕೀರವ್ವನದು ರೊಟ್ಟಿ ಖಾನಾವಳಿ. ಅದೊಂದೇ ಅವಳ ಬದುಕು. ಅವಳ ಝುಣಕದ ಭಕ್ತ ರುದ್ರಗೌಡ, ಖಾನಾವಳಿಯ ಮೇಲೆ ತನ್ನ ಹೆಸರಿನಲ್ಲಿ ಪಾಲಿಸಿ ಮಾಡಿಕೊಡೆಂದು ದುಂಬಾಲು ಬಿದ್ದ. ಗೌಡ್ರ, ಅದು ಬಿದ್ದರ ನಿಮ್ಮ ಹೊಟ್ಟಿ ಅಳತೈತಿ, ಕಿಸೆ ಅಳೂದಿಲ್ಲ ಅಂತ ಹೇಳಿ ಕಳಿಸಿದೆ. ನಷ್ಟ ಯಾರಿಗೋ ಪಾಲಿಸಿ ಅವರಿಗೇ. ಇದನ್ನೇ ನೀವು ವಿಮಾ ಹಿತಾಸಕ್ತಿ ಅನ್ನುತ್ತೀರಿ.

ಬಿಚ್ಚೂಟದ ದಿನ ಅವಳ ಗಂಡ ಕಳಕಪ್ಪ ಮೊದಲೇ ತಾಕೀತು ಮಾಡಿದ್ದನಂತೆ, ಮೂಡಣ ಕಂಬದ ಬಿರುಕಿನ ಸುದ್ದಿ ಎತ್ತಬ್ಯಾಡ, ಪ್ರೀಮಿಯಂ ಏರತೈತಿ ಅಂತ. ನಾನು ಒಂದು ರೊಟ್ಟಿ ಮುಗಿಸಿ ಸುಮ್ಮನೆ ಕೂತೆ. ಫಕೀರವ್ವ ನನ್ನ ಬರಿದಾದ ತಾಟು ನೋಡಿದಳು, ಗಂಡನ ಮುಖ ನೋಡಿದಳು. ಕಡೆಗೆ ಮೂಡಣ ಕಂಬ ಸೀಳೈತಿ ಯವ್ವಾ, ಗಾಳಿ ಬೀಸಿದರ ಕುಂಯ್ ಅಂತೈತಿ ಅಂದೇಬಿಟ್ಟಳು. ನಮ್ಮ ವಿಮಾ ಕಂಪನಿಯವರು ಬಂದು ನೋಡಿ, ಪ್ರೀಮಿಯಂ ಏರಿಸಿ, ಬಿರುಕಿನ ಸಮೇತ ಒಪ್ಪಿಕೊಂಡರು. ಕಳಕಪ್ಪ ಮುಖ ಊದಿಸಿಕೊಂಡ.

ಆಷಾಢದ ಗಾಳಿಗೆ ಖಾನಾವಳಿ ನೆಲಕ್ಕೆ ಬಿತ್ತು, ಮೂಡಣ ಕಂಬದ ಕಡೆಯಿಂದಲೇ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಕಳಕಪ್ಪ ತಲೆಗೆ ಕೈಹೊತ್ತು, ನಿನ್ನ ಬಾಯಿಂದನ ಹೋತು, ಬಿರುಕಿನ ನೆಪ ಹೇಳಿ ಒಂದು ಪೈಸೆ ಕೊಡೂದಿಲ್ಲ ಅಂತ ಹೆಂಡತಿಯ ಮೇಲೆ ಹರಿಹಾಯ್ದ. ಅವಳು ಮುರಿದ ಹಲಗೆಗಳ ನಡುವೆ ರೊಟ್ಟಿ ಬೇಯಿಸುವ ಹಂಚು ಹುಡುಕುತ್ತ ಕೂತಿದ್ದಳು.

ನಷ್ಟ ಅಳೆಯಲು ಬಂದ ಸರ್ವೇಯರ್ ಎಲ್ಲ ತಿರುಗಿ ನೋಡಿದ. ನಿಮ್ಮ ಪುಸ್ತಕದ ಸಮೀಪ ಕಾರಣ ಇದೇ: ಹಾನಿ ಮಾಡಿದ ಅಸಲು ಕಾರಣ ಯಾವುದು ಅನ್ನುವ ಪ್ರಶ್ನೆ. ಕೆಡವಿದ್ದು ಗಾಳಿ ಅಂದ. ಬಿರುಕು ನಮಗೆ ಗೊತ್ತಿದ್ದದ್ದೇ, ಅದಕ್ಕೂ ಸೇರಿಸಿ ಪ್ರೀಮಿಯಂ ತಗೊಂಡೀವಿ, ಮುಚ್ಚಿಟ್ಟಿದ್ದರೆ ಮಾತ್ರ ನಾವು ಕೈ ಎತ್ತಬೇಕಾಗುತ್ತಿತ್ತು ಅಂತ ಕಳಕಪ್ಪನಿಗೇ ತಿಳಿಸಿ ಹೇಳಿದ. ಕಳಕಪ್ಪನಿಗೆ ಹೋದ ಜೀವ ಬಂತು. ಬಂದದ್ದೇ ತಡ, ಹಳೇ ಒಲೆಯ ಬದಲು ಇದ್ದುದರಲ್ಲೇ ದೊಡ್ಡ ಹೊಸ ಒಲೆ ಬೇಕೆಂದ. ನಷ್ಟ ಭರ್ತಿ ಅಂದರೆ ಮೊದಲಿದ್ದ ಹಾಗೆ ಮಾಡುವುದು, ಗಳಿಕೆ ಮಾಡಿಕೊಡುವುದಲ್ಲ. ಹಳೇ ಒಲೆಗೆ ಹಳೇ ಒಲೆಯ ಬೆಲೆಯೇ ಸಿಕ್ಕಿತು.

ಇಂದು ಮುಂಜಾನೆ ಖಾನಾವಳಿ ಮತ್ತೆ ತೆರೆಯಿತು. ಹೊಸ ಪಾಲಿಸಿಗೆ ಹೊಸ ಬಿಚ್ಚೂಟ. ನಾನು ಕೂರುವ ಮೊದಲೇ ಕಳಕಪ್ಪ ಶುರು ಹಚ್ಚಿಕೊಂಡ: ಪಡುವಣ ಹಲಗೆ ಸಡಿಲ ಐತಿ, ತಗಡು ಹಳೇವು, ಸೋರತಾವು, ರುದ್ರಗೌಡ ಕೂತರ ಬೆಂಚು ನರಳತೈತಿ. ಓಣಿಯೇ ಬಿದ್ದು ಬಿದ್ದು ನಕ್ಕಿತು. ಫಕೀರವ್ವ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ಸಂತೋಷದ ಊಟ ನಾನು ಈ ಕಸುಬಿಗೆ ಬಂದಮೇಲೆ ಉಂಡಿರಲಿಲ್ಲ.

ಒಂದು ಬೇಡಿಕೆ ಇಟ್ಟು ಮುಗಿಸುತ್ತೇನೆ. ನಿಮ್ಮ ಕಾಲದ ಅರ್ಜಿಯಲ್ಲಿ ಕಾಯಿಲೆ ಇದೆಯೇ, ದೋಷ ಇದೆಯೇ ಎಂಬ ಸಾಲುಗಳಿರುತ್ತವಂತೆ. ಗಿರಾಕಿ ಬಾಗಿಲಲ್ಲಿ ಅವಸರದಲ್ಲಿ ನಿಂತಿರುತ್ತಾರೆ, ನಿಮಗೂ ಮುಂದಿನ ಮನೆಗೆ ಹೋಗಬೇಕಿರುತ್ತದೆ, ಎಲ್ಲದಕ್ಕೂ ಇಲ್ಲ ಇಲ್ಲ ಅಂತ ನೀವೇ ತುಂಬಿಬಿಡಬೇಕು ಅನ್ನಿಸುತ್ತದೆ. ಆವತ್ತು ನಾನು ಹಾಗೆ ತುಂಬಿದ್ದರೆ ಫಕೀರವ್ವ ಇಂದು ಇನ್ನೊಬ್ಬರ ಒಲೆಯ ಮುಂದೆ ಕೂಲಿಗೆ ರೊಟ್ಟಿ ಬಡಿಯುತ್ತಿದ್ದಳು. ಪೆನ್ನು ಕೆಳಗಿಡಿ, ಕೇಳಿ, ಕಾಯಿರಿ. ಇಲ್ಲ ಅನ್ನುವ ಹಕ್ಕು ಆ ಮನೆಯವರದ್ದು, ನಿಮ್ಮದಲ್ಲ.