ಹನ್ನೆರಡನೆಯ ಸಹಿ

ಕಡಬ
11 ಜುಲೈ 2024, ಗುರುವಾರ

ನಮ್ಮ ಅಡಿಕೆ ಹಾಳೆತಟ್ಟೆ ಕಂಪನಿಯ ಮಾನ್ಯ ನಿರ್ದೇಶಕನೂ ಮಸ್ಕತ್ ನಿವಾಸಿಯೂ ನನ್ನ ಒಬ್ಬನೇ ಅಣ್ಣನೂ ಆದ ದಿಶಾಂತನ ದಿವ್ಯ ಸನ್ನಿಧಿಗೆ,

ತಂಗಿಯ ಸಾಷ್ಟಾಂಗ. ವಾಟ್ಸಾಪ್ ಇರುವಾಗ ಇದೆಂತ ಕಾಗದ ಎಂದು ನಗಬೇಡ. ಕಾರಣ ಕೊನೆಯಲ್ಲಿ ಉಂಟು.

ಇವತ್ತು ಹನ್ನೊಂದು ಗಂಟೆಗೆ ಆಡಳಿತ ಮಂಡಳಿಯ ಸಭೆ ಸೇರಿತು. ಹಾಜರಿದ್ದ ಕುರ್ಚಿಗಳು ನಾಲ್ಕು, ಜನ ಒಂದು. ಅಧ್ಯಕ್ಷರಾದ ಅಪ್ಪ ಐದು ದಿನಗಳಿಂದ ನನ್ನ ಹತ್ತಿರ ಮಾತಾಡಿಲ್ಲ. ನಿರ್ದೇಶಕಿ ಅಮ್ಮ ಊಟಕ್ಕೆ ಕರೆಯುವುದನ್ನೂ ಪಾತ್ರೆ ಸದ್ದು ಮಾಡಿಯೇ ತಿಳಿಸುತ್ತಾರೆ. ಯಂತ್ರಗಳು ನಿಂತಿವೆ. ಇಷ್ಟು ಶಾಂತವಾದ ಸಭೆ ಕಂಪನಿಯ ಇತಿಹಾಸದಲ್ಲೇ ಇಲ್ಲ. ಸಭೆ ಎಂಬುದೇ ನಡೆದದ್ದಿಲ್ಲವಲ್ಲ.

ಕಳೆದ ಸಲ ರಜೆ ಮುಗಿಸಿ ಹೊರಡುವಾಗ ಅಪ್ಪ ನಿನ್ನಿಂದ ಹನ್ನೆರಡು ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡದ್ದು ನೆನಪುಂಟಾ? ತಿಂಗಳಿಗೊಂದು ಸಭೆ ಎಂಬ ಲೆಕ್ಕದಲ್ಲಿ. ಸಹಿಯ ಮೇಲೆ ನಡಾವಳಿ ಬರೆಯುವುದು ನನ್ನ ಕೆಲಸ. ಅಪ್ಪ ಓದದೆ ಸಹಿ ಹಾಕುತ್ತಿದ್ದರು, ಅಮ್ಮ ಒಗ್ಗರಣೆಯ ಮಧ್ಯೆ. ಯಾರೂ ಓದುವುದಿಲ್ಲ ಎಂದು ಗೊತ್ತಾದ ಮೇಲೆ ನಾನು ತಮಾಷೆ ಶುರು ಮಾಡಿದೆ.

ಮಾರ್ಚಿನಲ್ಲಿ, ತಟ್ಟೆ ಒತ್ತುವ ಕೆಲಸದ ಸಫಿಯಮ್ಮ ನನ್ನ ಹತ್ತಿರ ಬಂದು, ಬಿಸಿ ಯಂತ್ರದೊಳಗೆ ಕೈ ಹೋಗದ ಹಾಗೆ ಜಾಲರಿ ಹಾಕಿಸಲು ಅಪ್ಪನಿಗೆ ಹೇಳು ಎಂದಿದ್ದರು. ನಾನು ಪರಮ ಗಂಭೀರವಾಗಿ ಬರೆದೆ: ‘ಸಫಿಯಮ್ಮನವರ ಜಾಲರಿ ಬೇಡಿಕೆಯನ್ನು ಮಂಡಳಿಯು ಗಾಢ ನಿದ್ರೆಯಲ್ಲಿ ಪರಿಶೀಲಿಸಿ, ಮಗ್ಗುಲು ಬದಲಿಸಲು ಒಮ್ಮತದಿಂದ ತೀರ್ಮಾನಿಸಿತು.’ ನಿನ್ನ ಸಹಿ ಮೊದಲೇ ಇತ್ತು. ಅಪ್ಪನದು, ಅಮ್ಮನದು ಬಿತ್ತು. ನನ್ನದೂ. ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಪ್ಪನಿಗೆ ಬಾಯಿಬಿಟ್ಟು ಹೇಳಲಿಲ್ಲ ಅಣ್ಣ. ಬರೆದಾಯಿತಲ್ಲ ಎಂದುಕೊಂಡೆ.

ಕಳೆದ ಶುಕ್ರವಾರ ಸಫಿಯಮ್ಮನ ಬಲಗೈಯ ಮೂರು ಬೆರಳು ಹೋಯಿತು.

ಸೋಮವಾರ ಕಾರ್ಖಾನೆ ಇನ್‌ಸ್ಪೆಕ್ಟರ್ ಬರುತ್ತಾರೆ. ಅದಕ್ಕೆಂದು ಫೈಲು ತಿರುವಿದ ಅಪ್ಪ ಮಾರ್ಚಿನ ಕಾಗದವನ್ನು ಮೊದಲ ಬಾರಿಗೆ ಓದಿದರು. "ಇದನ್ನು ತೆಗೆದು ಬೇರೆ ಬರಿ. ಜಾಲರಿ ಇತ್ತು, ಅವಳೇ ಬಿಚ್ಚಿದ್ದು ಅಂತ. ದಿಶಾಂತನ ಸಹಿಯದ್ದು ಒಂದು ಬಾಕಿ ಉಂಟಲ್ಲ" ಎಂದರು. ಆಗುವುದಿಲ್ಲ ಎಂದೆ. ಅದೇ ನಮ್ಮ ಕೊನೆಯ ಮಾತು.

ನಿನ್ನೆ ಪುತ್ತೂರಿನ ಆಸ್ಪತ್ರೆಗೆ ಹೋಗಿದ್ದೆ. ಸಫಿಯಮ್ಮ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ನಾನು ಕೇಳಿದ್ದನ್ನು ನೀನು ಬರೆದಿಟ್ಟಿದ್ದೀಯಲ್ಲ ಮಗಾ? ಅದು ಫೈಲಲ್ಲಿ ಉಂಟಲ್ಲ?" ಎಂದು ಕೇಳಿದರು.

ಉಂಟು ಎಂದೆ. ಹೇಗೆ ಬರೆದಿದ್ದೇನೆ ಎಂದು ಹೇಳಲಿಲ್ಲ.

ಅವರು ಕೇಳಿದ್ದರು ಎಂಬುದಕ್ಕೆ ಲೋಕದಲ್ಲಿರುವ ಸಾಕ್ಷಿ ನನ್ನ ಆ ಕುಚೋದ್ಯ ಒಂದೇ. ಸೋಮವಾರ ಅದನ್ನು ಇದ್ದ ಹಾಗೆಯೇ ಇನ್‌ಸ್ಪೆಕ್ಟರರ ಮುಂದೆ ಇಡುತ್ತೇನೆ. ಅವರು ನಗಲಿಕ್ಕಿಲ್ಲ. ಆಮೇಲೆ ಈ ಮನೆಯಲ್ಲಿ ಯಾರು ಯಾರೊಡನೆ ಉಣ್ಣುತ್ತಾರೋ ಗೊತ್ತಿಲ್ಲ.

ಇಂತಿ,
ಸಭೆಗೆ ಒಬ್ಬಳೇ ಹಾಜರಿದ್ದ ನಿನ್ನ ತಂಗಿ
ಪ್ರೀತಿಕಾ

ತಾ.ಕ.: ಇದರೊಳಗೆ ಮಡಚಿಟ್ಟದ್ದು ನಿನ್ನ ಹನ್ನೆರಡನೆಯ ಸಹಿ. ಫೈಲಿನಿಂದ ಕದ್ದೆ, ಅಪ್ಪನಿಗೆ ಇನ್ನೂ ಗೊತ್ತಾಗಿಲ್ಲ. ಮೇಲೆ ಎಂತ ಬರೆಯಬೇಕೆಂದು ಈ ಸಲ ನೀನೇ ಯೋಚಿಸು. ಖಾಲಿ ಮಾತ್ರ ಬಿಡಬೇಡ ಮಾರಾಯ. ಮೂರು ಖಾಲಿ ಕುರ್ಚಿಗಳ ಎದುರು ಕೂತು ನನಗೆ ಸಾಕಾಗಿದೆ.