ಕೈ ನಿಧಾನ, ಮೆಷಿನ್ ಅಲ್ಲ

ಮಾರ್ಚ್ 4, ಮಧ್ಯಾಹ್ನ

ಪೆಟ್ಟಿಗೆಯ ಮುಚ್ಚಳದಲ್ಲಿ ಕುಳಿ ತೋಡುವ ಕೆಲಸ. ಬೀಟೆ ಮರ, ಕಲ್ಲಿನ ಜಾತಿ. ಅದರೊಳಗೆ ಅಣ್ಣನ ಬಿಳಿ ಮರದ ಹಕ್ಕಿ ಕೂರಬೇಕು. ಕೈ ನಡುಗಲು ಶುರುವಾಗುವ ಮುಂಚೆ ಅವನು ಕತ್ತರಿಸಿದ ಕೊನೆಯ ಹಕ್ಕಿ. ತನ್ನ ಮಗಳಿಗೆ ಅವನು ಕೊಡುವ ಪೆಟ್ಟಿಗೆ ಇದು. ಈಗ ಮರ ಕೊರೆಯುವ ರೋಟರಿ ಮೆಷಿನ್ ಹಿಡಿಯುವವಳು ನಾನು. ಅವನು ಹಿಂದೆ ಸ್ಟೂಲ್ ಮೇಲೆ. ಬಾಯಿಗೆ ಮಾತ್ರ ರಜೆ ಇಲ್ಲ.

"ರೈಲೇನಾದ್ರೂ ತಪ್ಪಿಹೋಗುತ್ತೇನೇ? ನಿಧಾನ ಮಾಡು."

ಮಾಡಿದೆ. ಸ್ಪೀಡ್ 5ರಲ್ಲಿತ್ತು, 1ಕ್ಕೆ ಇಳಿಸಿದೆ. ತುದಿಯಲ್ಲಿ ತಿರುಗುವ ಬಿಟ್ ಮರದ ನಾರಿಗೆ ಸಿಕ್ಕಿ ಎಗರಿತು. ಕೊಕ್ಕು ಕೂರುವ ಕಡೆ ಅಂಚು ಕಿತ್ತು ಬಂತು.

"ಕೈ ನಿಧಾನ ಮಾಡು ಅಂದೆ ಕಣೇ, ಮೆಷಿನ್ ಅಲ್ಲ!"

"ಕೈ ವಿಷಯ ನೀನು ಮಾತಾಡ್ಬೇಡ."

ಬಾಯಿಂದ ಬಿದ್ದೇಹೋಯಿತು. ಅಣ್ಣ ಸ್ಟೂಲ್ ಬಿಟ್ಟು ಎದ್ದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮಾರ್ಚ್ 5

ಬರಲಿಲ್ಲ. ಮುಚ್ಚಳ ಇನ್ನೊಂದು ಮಾಡಬಹುದು, ಹಲಗೆ ಇದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು — ಶಾಲೆಯಲ್ಲಿ ಪುಟಗಟ್ಟಲೆ ಕಾಪಿ ಬರೆದಿದ್ದೆ. ಅಕ್ಷರ ದುಂಡಗಾಯಿತು, ಅಷ್ಟೇ.

ಮಾರ್ಚ್ 11

ಅತ್ತಿಗೆಯ ಫೋನ್. "ಏನಾಯ್ತೇ ನಿಮ್ಮಿಬ್ಬರಿಗೆ? ಊಟಕ್ಕೂ ಒಬ್ರೇ ಕೂತ್ಕೋತಾರೆ. ಚಮಚ ಹಿಡಿಯೋದು ಯಾರೂ ನೋಡಬಾರದಂತೆ."

ಹೇಳಬೇಕಿತ್ತು. "ಏನಿಲ್ಲ ಅತ್ತಿಗೆ" ಅಂದೆ. ಹೇಡಿ ನಾನು.

ಮಾರ್ಚ್ 12

ಇಡೀ ದಿನ ಚೂರು ಮರದ ಮೇಲೆ ಟ್ರಯಲ್. 5ರಲ್ಲಿ ಕೈ ತಡೆದರೆ ಅಂಚು ಕಪ್ಪಾಗುತ್ತದೆ, ಸುಟ್ಟ ವಾಸನೆ. 2ರಲ್ಲಿ ಬಿಟ್ ಕುಣಿಯುತ್ತದೆ. 3 ದಾಟಿ ತುಸು ಮುಂದೆ ಇಟ್ಟು, ಅವಸರ ಬಿಟ್ಟು, ಕೈ ಒಂದೇ ಸಮ ನಡೆಸಿದರೆ... ನುಣುಪು. ಅವನು ಹೇಳಿದ್ದೂ ಇಷ್ಟೇ. ಹೋಗಿ ತಪ್ಪಾಯ್ತು ಅನ್ನಲು ಮಾತ್ರ ಯಾವ ಸ್ಪೀಡೂ ಸಿಗುತ್ತಿಲ್ಲ.

ಮಾರ್ಚ್ 15, ಸಂಜೆ

ಹೊಸ ಮುಚ್ಚಳ ಮುಗಿಯಿತು. ಹಕ್ಕಿ ಕೂತಿತು. ಅಣ್ಣನ ಮನೆಗೇ ಒಯ್ದೆ.

"ತಪ್ಪಾಯ್ತು ಅಣ್ಣ."

"ಹೋಗ್ಲಿ ಬಿಡು" ಅಂದ. ನಕ್ಕ ಕೂಡ. ಬಗ್ಗಿ ನೋಡಿದ. ಎರಡೂ ಕೈ ಸ್ವೆಟರಿನ ಜೇಬಿನಲ್ಲೇ.

"ಸವರಿ ನೋಡಣ್ಣ. ಅಂಚು ಬೆರಳಿಗೆ ಸಿಗುತ್ತಾ ಹೇಳು."

"ಚೆನ್ನಾಗಿದೆ. ಕಾಣ್ತಿದೆಯಲ್ಲ."

ಬೆರಳಿಂದ ಸವರದೆ ಯಾರ ಕೆಲಸವನ್ನೂ ಒಪ್ಪಿದವನಲ್ಲ ಅವನು. ಜೇಬಿನ ಬಟ್ಟೆ ಅದುರುತ್ತಿತ್ತು. ನಾನು ಆ ಕಡೆ ನೋಡದ ಹಾಗೆ, ಅಂಚನ್ನು ನಾನೇ ಸವರುತ್ತಾ ಕೂತೆ.